ಗುಡ್ಡದ ಮನೆಯ ಪಾಲಿಗೆ ಬಂದ ಕಿರೀಟ

ಎವರಿಸ್ತು ಚೀಟಿ ಬಿಚ್ಚಿದ, ಆದರೆ ಓದಲಿಲ್ಲ. ಇಗರ್ಜಿಯ ಅಂಗಳದಲ್ಲಿ ನೆರೆದ ಜನ ಕಾದರು. ಕಡಲ ಕಡೆಯ ಗಾಳಿಗೆ ಅವನ ಬೆರಳುಗಳ ನಡುವೆ ಕಾಗದ ಪಟಪಟ ಅನ್ನುತ್ತಿತ್ತು.

"ಓದೋ ಮಾರಾಯ," ಅಂದ ದೋಣಿ ನಡೆಸುವ ಬೆಂತು. "ನಿನ್ನ ಅಕ್ಷರ ನಿನಗೇ ತಿಳೀತಿಲ್ವಾ?"

"ಗುಡ್ಡದ ಮನೆ," ಅಂದ ಎವರಿಸ್ತು.

ಯಾರೋ ಕಿಸಕ್ಕನೆ ನಕ್ಕರು. ನಕ್ಕದ್ದು ತಪ್ಪೆಂದು ಹೊಳೆದು ಅದನ್ನೇ ಕೆಮ್ಮು ಮಾಡಿಕೊಂಡರು.

ಸಾಂತ ಬೆನಿಗ್ನ ಊರಿನಲ್ಲಿ ಹೊಗೆ ಏಳುವ ಮನೆಗೊಂದು ಚೀಟಿ. ಈಸ್ಟರ್ ಕಳೆದ ಭಾನುವಾರ ಯಾರ ಮನೆಯ ಹೆಸರು ಏಳುತ್ತದೋ ಆ ಮನೆಯ ಯಜಮಾನ ಪವಿತ್ರಾತ್ಮರ ಹಬ್ಬದ ದಿನ ಊರಿಗೆ ಚಕ್ರವರ್ತಿ. ಪಾದ್ರಿಗಳೇ ಅವನ ತಲೆಗೆ ಬೆಳ್ಳಿಯ ಕಿರೀಟ ಇಡುತ್ತಾರೆ. ಕಿರೀಟ ಹೊತ್ತವನು ಅಂದು ಬಂದವರಿಗೆಲ್ಲ ತನ್ನ ಕೈಯಾರೆ ರೊಟ್ಟಿ, ಮಾಂಸದ ಸಾರು ಬಡಿಸಬೇಕು. ಕೊನೆಯವನು ಉಂಡು ಏಳುವ ತನಕ ತಾನು ಕೂರುವಂತಿಲ್ಲ, ತುತ್ತು ಮುಟ್ಟುವಂತಿಲ್ಲ. ಮೀನುಗಾರ, ಕುರಿಯವನು, ಬಡಗಿ, ವಿಧವೆ, ಎಲ್ಲರ ಪಾಲಿಗೂ ಅದು ಬಂದಿತ್ತು. ಕಿರೀಟ ಕಾಯುವ, ಚೀಟಿ ಬರೆಯುವ ಕೆಲಸ ಇಪ್ಪತ್ತೆರಡು ವರ್ಷದಿಂದ ಪೀಪಾಯಿ ಕಟ್ಟುವ ಎವರಿಸ್ತುವಿನದು. ಈ ಸಲವೂ ಬಂಡೆ ಹತ್ತಿ ನಿಂತು ಹೊಗೆ ನೋಡಿದ್ದ. ಬಹಳ ವರ್ಷ ಪಾಳುಬಿದ್ದಿದ್ದ ಗುಡ್ಡದ ಮನೆಯಿಂದಲೂ ಹೊಗೆ ಏಳುತ್ತಿತ್ತು. ಬರೆದುಬಿಟ್ಟ. ಒಲೆ ಹಚ್ಚಿದವರು ಯಾರೆಂದು ಅವನ ಕೈ ಕೇಳಿಕೊಳ್ಳಲಿಲ್ಲ.

ಹಚ್ಚಿದವರು ಓಥ್ಮಾರ್ ದೊರೆ. ದೊಡ್ಡ ಯುದ್ಧ ಸೋತ ಮೇಲೆ ತಮ್ಮ ಜನರ ಕೈಯಿಂದಲೇ ಗಡೀಪಾರಾಗಿ, ಹಿಮದ ನಾಡಿನಿಂದ ಈ ದ್ವೀಪಕ್ಕೆ ಬಂದಿಳಿದವರು. ದಾರಿಯಲ್ಲೇ ಮಗಳನ್ನು ಮಣ್ಣು ಮಾಡಿ ಬಂದಿದ್ದರು. ಜೊತೆಗೆ ಉಳಿದವನು ಮುದುಕ ಕರ್ನಲ್ ಒಬ್ಬನೇ. ದೊರೆ ಬಂದ ಮೊದಲ ವಾರ ಊರು ಕಿಟಕಿಯ ಸಂದಿಯಿಂದ ನೋಡಿತು. ಎರಡನೆಯ ವಾರ ಅವರು ದಿನಾ ಬೆಳಗಿನ ಬಲಿಪೂಜೆಗೆ ಗುಡ್ಡ ಇಳಿದು ನಡೆದೇ ಬರುವುದನ್ನು ಕಂಡಿತು. ಮುಂದಿನ ಪೀಠ ಬಿಟ್ಟುಕೊಟ್ಟರೂ ಕೂರದೆ, ಹೆಂಗಸರ ಹಿಂದೆ ಬರಿಯ ಕಲ್ಲಿನ ಮೇಲೆ ಮೊಣಕಾಲೂರುತ್ತಿದ್ದರು. ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದರು. ತಮ್ಮನ್ನು ಓಡಿಸಿದವರ ಹೆಸರು ಪಾದ್ರಿಗಳಿಗೆ ಬರೆದುಕೊಟ್ಟು, ಅವರಿಗಾಗಿ ಪ್ರಾರ್ಥಿಸಿ ಎಂದು ಕೇಳಿದರಂತೆ. ಈಗ ಆ ದೊರೆಯ ಬಗ್ಗೆ ಪಕ್ಕದೂರಿನವರು ಹಗುರವಾಗಿ ಎರಡು ಮಾತಾಡಿದರೆ ಸಾಂತ ಬೆನಿಗ್ನದವರು ತೋಳೇರಿಸುತ್ತಿದ್ದರು.

"ಸಿಂಹಾಸನ ಹೋದವರ ತಲೆ ಮೇಲೆ ನಮ್ಮ ಬೆಳ್ಳಿ ಟೋಪಿ," ಅಂದ ಬೆಂತು ಮೆಲ್ಲಗೆ. "ಚೆನ್ನಾಗಿ ಮಾಡ್ದೆ, ಎವರಿಸ್ತು."

"ಇನ್ನೊಂದು ಚೀಟಿ ಎತ್ತಿದ್ರೆ ಆಗಲ್ವಾ ಪಾದ್ರಿಗಳೇ?" ಅಂದ ಎವರಿಸ್ತು.

"ಪವಿತ್ರಾತ್ಮರನ್ನ ಎರಡನೇ ಸಲ ಕೇಳ್ತೀಯಾ?" ಪಾದ್ರಿ ಸಿಪ್ರಿಯಾನು ಬೋಳುತಲೆ ಸವರಿಕೊಂಡರು. "ಬರೆದವನು ನೀನು. ನೀನೇ ಹೋಗಿ ಹೇಳು."

ಮನೆಯಲ್ಲಿ ಹೆಂಡತಿ ಲಿಯೊಕಾಡಿಯಾ ಅವನ ಭಾನುವಾರದ ಕೋಟು ಒರೆಸಿಕೊಟ್ಟಳು. ಗುಡ್ಡದ ಮನೆಯ ಬಟ್ಟೆ ಒಗೆಯುವವಳು ಅವಳೇ.

"ಅವರ ದಿಂಬಿನ ಚೀಲದ ಮೇಲೆ ಕಿರೀಟದ ಕಸೂತಿ ಇದೆ ರೀ," ಅಂದಳು. "ಅದರ ಸುತ್ತ ನಾನೇ ಮೂರು ತೇಪೆ ಹಾಕಿದೀನಿ. ಆ ಮನುಷ್ಯರಿಗೆ ನೋವಾಗೋ ಹಂಗೆ ಮಾತಾಡಿ ಬಂದ್ರೆ ನಿಮಗೆ ಇವತ್ತು ಊಟ ಇಲ್ಲ."

"ನನಗೇ ಹಸಿವಿಲ್ಲ ಕಣೇ."

ಕೆಂಪು ವಸ್ತ್ರದಲ್ಲಿ ಸುತ್ತಿದ ಕಿರೀಟವನ್ನು ಎದೆಗೊತ್ತಿಕೊಂಡು ಅವನು ಗುಡ್ಡ ಹತ್ತಿದ. ಇಪ್ಪತ್ತೆರಡು ಮನೆಗೆ ಅದನ್ನು ಹೊತ್ತುಕೊಂಡು ಹೋಗಿದ್ದ. ಹೋದಲ್ಲೆಲ್ಲ ಜನ ಅತ್ತಿದ್ದರು, ಕಾಲಿಗೆ ಬಿದ್ದಿದ್ದರು. ಒಬ್ಬ ಒಳ್ಳೆಯ ಮನುಷ್ಯನನ್ನು ಅವಮಾನಿಸಲು ಅದನ್ನು ಒಯ್ಯುತ್ತಿರುವುದು ಇದೇ ಮೊದಲು ಅನ್ನಿಸಿತು. ದಾರಿಯಲ್ಲಿ ಎರಡು ಸಲ ನಿಂತ. ಚೀಟಿ ಹರಿದು ಗಾಳಿಗೆ ಬಿಟ್ಟು, ಅವರೇ ಬೇಡ ಅಂದರು ಎಂದುಬಿಡಬಹುದು. ಯಾರೂ ಹೋಗಿ ಕೇಳುವುದಿಲ್ಲ. ಆದರೆ ಕಿರೀಟ ಎದೆಯ ಮೇಲಿತ್ತು. ಸುಳ್ಳನ್ನು ಅದರ ಮುಂದೆ ಯೋಚಿಸಿದ್ದಕ್ಕೇ ಶಿಲುಬೆಯ ಗುರುತು ಹಾಕಿಕೊಂಡ.

ಕರ್ನಲ್ ಬಾಗಿಲಲ್ಲೇ ತಡೆದ. ವಿಷಯ ಕೇಳಿ ಅವನ ಬಿಳಿ ಮೀಸೆ ನಡುಗಿತು.

"ಇದು ತಮಾಷೆಯೋ?"

"ಅಲ್ಲ ಸ್ವಾಮಿ. ನಿಮ್ಮನೆ ಹೊಗೆ ಕಂಡಿತು. ಬರೆದೆ."

"ಹೊಗೆ! ನಮ್ಮ ನಾಡಿನ ಪತ್ರಿಕೆಗಳು ಇದನ್ನು ಕೇಳಿದರೆ ಏನು ಬರೆಯುತ್ತವೆ ಗೊತ್ತೇನಯ್ಯ? ಒಂದು ಚಿತ್ರ ಸಿಕ್ಕರೆ ಸಾಕು. ಹಬ್ಬದ ರಾಜ ಅಂತ ಮಕ್ಕಳೂ ನಗುತ್ತಾರೆ."

ಹಿತ್ತಿಲಿನಿಂದ ದೊರೆ ಬಂದರು. ತೋಳಿನ ತುಂಬ ಸೌದೆ. ಅದನ್ನು ಒಲೆಯ ಪಕ್ಕ ಇಳಿಸಿ, ಕೈ ಒರೆಸಿಕೊಂಡು, ಎವರಿಸ್ತುವನ್ನು ಕುರ್ಚಿಯ ಮೇಲೆ ಕೂರಿಸಿ ತಾವು ನಿಂತೇ ಕೇಳಿದರು. ದ್ವೀಪದ ಮಾತನ್ನು ಅವರು ಒಂದೊಂದೇ ಪದ ಆರಿಸಿ ಆಡುತ್ತಿದ್ದರು.

"ನಾನು ಒಲ್ಲೆ ಎಂದರೆ ಯಾರಿಗೆ ಹೋಗುತ್ತದೆ?"

"ಯಾರಿಗೂ ಇಲ್ಲ ದೊರೆಗಳೇ. ಈ ವರ್ಷ ಪೆಟ್ಟಿಗೇಲೇ ಇರುತ್ತೆ."

"ನೀನು ಹೊತ್ತಿದ್ದೀಯಾ?"

"ಒಂದು ಸಲ. ಮದುವೆಯಾದ ವರ್ಷ."

"ಹೇಗಿತ್ತು?"

ಎವರಿಸ್ತುವಿಗೆ ಚಂದದ ಮಾತು ಹೊಳೆಯಲಿಲ್ಲ. "ಭಾರ ಏನಿಲ್ಲ. ಕಿವಿ ಹತ್ರ ಸ್ವಲ್ಪ ಚುಚ್ಚುತ್ತೆ. ಆಮೇಲೆ... ಹೊಟ್ಟೆ ಹಸಿಯುತ್ತೆ. ಎಲ್ಲರೂ ತಿಂತಿರ್ತಾರೆ, ನಾವು ಬಡಿಸ್ತಾ ನಿಂತಿರ್ಬೇಕಲ್ಲ. ಸಾರಿನ ವಾಸನೆ ಬೇರೆ."

ದೊರೆ ನಕ್ಕರು. ನಗು ಕೆಮ್ಮಿಗೆ ತಿರುಗಿತು. ಕರವಸ್ತ್ರ ಬಾಯಿಗೊತ್ತಿಕೊಂಡು ಕಿಟಕಿಯ ಕಡೆ ತಿರುಗಿ ನಿಂತರು. ಕೆಮ್ಮು ನಿಂತ ಮೇಲೆ ಅಂದರು: "ನನ್ನದು ಬಹಳ ಭಾರವಿತ್ತು. ಹಸಿವು ಮಾತ್ರ ಬೇರೆಯವರ ಪಾಲಿಗೆ ಹೋಯಿತು."

ಕರ್ನಲ್ ತಲೆ ತಗ್ಗಿಸಿದ. ದೊರೆ ಕೆಂಪು ವಸ್ತ್ರದ ಮುಂದೆ ಮೊಣಕಾಲೂರಿದರು.

"ಊರವರಿಗೆ ಹೇಳು. ಒಪ್ಪಿದ್ದೇನೆ. ಆದರೆ ನನ್ನ ಮನೆಯಲ್ಲಿ ಸಾರಿಗೆ ಎತ್ತು ಇಲ್ಲ, ರೊಟ್ಟಿಗೆ ಗೋಧಿಯಿಲ್ಲ."

"ಅದು ನಿಮ್ಮ ಚಿಂತೆ ಅಲ್ಲ ಬಿಡಿ," ಅಂದುಬಿಟ್ಟ ಎವರಿಸ್ತು. ದೊರೆಯೊಡನೆ ಹಾಗೆ ಮಾತಾಡಿದೆನಲ್ಲ ಎಂದು ಇಳಿಯುವಾಗ ದಾರಿಯುದ್ದಕ್ಕೂ ಬೆವರಿದ.

ಹಬ್ಬದ ವಾರ ಗುಡ್ಡದ ಮನೆಯ ಬಾಗಿಲು ಮುಚ್ಚಲಿಲ್ಲ. ಸಂಜೆ ಸಂಜೆಗೆ ಕಿರೀಟದ ಮುಂದೆ ಜಪಸರ ಹೇಳಲು ಬಂದವರು ಹಿಟ್ಟು ತಂದರು, ವೈನು ತಂದರು, ಪುದೀನ ತಂದರು. ಮೂರು ಮನೆಯವರು ಕೂಡಿ ಎತ್ತು ಕೊಟ್ಟರು. ಪಾತ್ರೆಗಳಿಗೆ ಕರ್ನಲ್ ಕಾವಲು ನಿಂತ. "ಆ ಕಡೆ ಸರೀರಿ ಸ್ವಾಮಿ, ಇದು ಕೋಟೆ ಅಲ್ಲ," ಎಂದು ಲಿಯೊಕಾಡಿಯಾ ಅವನ ಕೈಗೆ ಈರುಳ್ಳಿ ಕೊಟ್ಟಳು. ಅವನು ಸುಲಿಯಲು ಕೂತ.

ಹಬ್ಬದ ಬೆಳಗ್ಗೆ ಬೆಂತು ಏದುಸಿರು ಬಿಡುತ್ತ ಬಂದ. "ನಿನ್ನೆ ದೋಣೀಲಿ ಒಬ್ಬನನ್ನು ಕರಕೊಂಡು ಬಂದೆ ಕಣೋ. ದನದ ವ್ಯಾಪಾರಿ ಅಂದ್ಕೊಂಡಿದ್ದೆ. ಕ್ಯಾಮೆರಾ ಇದೆ ಅವನ ಹತ್ರ. ಅವರ ನಾಡಿನ ಪತ್ರಿಕೆಯವನಂತೆ."

"ನೀನು ದನ ಬಿಟ್ಟು ಬೇರೇನಾದ್ರೂ ಗುರುತು ಹಿಡಿದದ್ದುಂಟಾ?" ಅಂದ ಎವರಿಸ್ತು. ಆದರೆ ಕರ್ನಲ್ ಅಂದಿದ್ದ ಚಿತ್ರದ ಮಾತು ಅವನಿಗೆ ನೆನಪಾಯಿತು.

ಚಕ್ರವರ್ತಿಯ ಸುತ್ತ ನಾಲ್ವರು ಕೋಲು ಹಿಡಿದು ನಡೆಯುವುದು ರೂಢಿ; ಆ ಚೌಕದೊಳಗೆ ದೊರೆ ಇಗರ್ಜಿಗೆ ನಡೆದರು. ಮುಂದಿನ ಬಲಗೋಲು ಎವರಿಸ್ತುವಿನ ಕೈಯಲ್ಲಿತ್ತು, ಎಡಗೋಲು ಬೆಂತುವಿನ ಕೈಯಲ್ಲಿ. ಇಗರ್ಜಿಯಲ್ಲಿ ಪಾದ್ರಿಗಳು ಕಿರೀಟ ಎತ್ತಿ ಇಟ್ಟರು. ಅದು ದೊರೆಯ ತಲೆಗೆ ಸಣ್ಣದಾಯಿತು, ಸ್ವಲ್ಪ ವಾಲಿತು. ಹೊರಗೆ ಬಂದಾಗ ಮೆಟ್ಟಿಲ ಕೆಳಗೆ ಆ ಮನುಷ್ಯ ಕ್ಯಾಮೆರಾ ಹಿಡಿದು ನಿಂತಿದ್ದ. ಬೆಂತು ಕೋಲು ಅಡ್ಡ ಹಿಡಿಯಹೋದ.

"ಬೇಡ," ಅಂದರು ದೊರೆ. "ದೂರದಿಂದ ಬಂದಿದ್ದಾನೆ."

ಅವರು ನಿಂತರು. ಕಿರೀಟ ಸರಿಮಾಡಿಕೊಳ್ಳಲಿಲ್ಲ. ಎವರಿಸ್ತು ಕೋಲನ್ನು ನೆಟ್ಟಗೆ ಹಿಡಿದು, ಎದೆ ಸೆಟೆಸಿ, ಚಿತ್ರದಲ್ಲಿ ತಾನೂ ಬರುವಂತೆ ನಿಂತ. ಉಳಿದ ಮೂವರೂ ಹಾಗೇ ನಿಂತರು. ಕ್ಯಾಮೆರಾ ಟಕ್ ಎಂದಿತು.

ಗುಡ್ಡದ ಮನೆಯ ಉದ್ದನೆಯ ಕೋಣೆಯಲ್ಲಿ ಮಧ್ಯಾಹ್ನದ ತನಕ ದೊರೆ ಬಡಿಸಿದರು. ಮುದುಕಿಯರ ಬಟ್ಟಲಿಗೆ ರೊಟ್ಟಿ ಮುರಿದು ಹಾಕಿ, ಮೇಲೆ ಸಾರು ಹೊಯ್ದು, ಪುದೀನ ಎಲೆ ಇಟ್ಟರು. ಮುಖ ಮೇಣದಂತೆ ಬಿಳುಚಿತ್ತು. ಕೂರಿ ಎಂಬ ಮಾತು ಎಲ್ಲರ ನಾಲಿಗೆ ತುದಿಗೆ ಬಂತು, ಯಾರೂ ಅನ್ನಲಿಲ್ಲ. ಕೊನೆಯ ಸಾಲು ಎದ್ದ ಮೇಲೆ ಲಿಯೊಕಾಡಿಯಾ ದೊರೆಯ ಬಟ್ಟಲು ತರಲು ಹೊರಟಳು. ಆಗ ಬಾಗಿಲಲ್ಲಿ ಪತ್ರಿಕೆಯವನು ಕಂಡ. ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ.

ದೊರೆ ತಾವೇ ಹೋಗಿ ತಮ್ಮ ಭಾಷೆಯಲ್ಲಿ ಏನೋ ಅಂದರು. ಅವನ ಕಿವಿ ಕೆಂಪಾಯಿತು. ಕ್ಯಾಮೆರಾವನ್ನು ಬೆಂಚಿನ ಕೆಳಗೆ ತಳ್ಳಿ ಕೂತ. ಬಡಿಸಿದ್ದನ್ನು, ಯಾರಾದರೂ ಕಿತ್ತುಕೊಂಡಾರು ಎಂಬಂತೆ ಎಡಗೈಯಿಂದ ಬಟ್ಟಲನ್ನು ಬಳಸಿ ಹಿಡಿದು, ತಲೆ ಎತ್ತದೆ ಉಂಡ. ದೊರೆ ಆ ಕೈಯನ್ನು ನೋಡಿದರು. ಬಟ್ಟಲು ಬರಿದಾಗುವ ಮೊದಲೇ ಮತ್ತೆ ಹೊಯ್ದರು. ಇನ್ನೊಮ್ಮೆ ಹೊಯ್ದರು.

ಮೂರನೆಯ ಸಲ ಸಾರು ಹೊಯ್ದು, ಅವರು ಒಂದು ಕೈಯನ್ನು ಗೋಡೆಗೆ ಆನಿಸಿ ನಿಂತರು. ಉಂಡವರು ಮನೆಗೆ ಹೋಗುವುದು ರೂಢಿ. ಎವರಿಸ್ತು ಹೋಗಲಿಲ್ಲ, ಟೋಪಿ ತೆಗೆದು ಅವರ ಪಕ್ಕ ಬಂದು ನಿಂತ. ಬೆಂತು ಬಂದ. ಕರ್ನಲ್, ಲಿಯೊಕಾಡಿಯಾ, ವಿಧವೆಯರು, ಬಡಗಿ, ಹೊಸ್ತಿಲು ದಾಟಿದ್ದವರೂ ಹಿಂದಿರುಗಿ ಬಂದು, ಆ ಉದ್ದನೆಯ ಕೋಣೆಯ ಗೋಡೆಗುಂಟ ಸಾಲಾಗಿ ನಿಂತುಕೊಂಡರು. ಕೊನೆಯವನನ್ನು ಯಾರೂ ಅವಸರಪಡಿಸಲಿಲ್ಲ. ಬಟ್ಟಲಿಗೆ ಚಮಚ ತಾಗುವ ಸದ್ದೊಂದೇ ಕೇಳುತ್ತಿತ್ತು.