ಇಲ್ಲದ ಮೋಟರಿನ ರಿಪೇರಿ

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ‘ಮುತ್ತುರಾಜ್ ಸರ್ಕಾರಕ್ಕೆ ಸುಳ್ಳು ಹೇಳಿದ’ ಎಂದು ಮೊದಲು ಬರೆದೆ. ಹೊಡೆದು ಹಾಕಿದೆ. ಹಾಗೆಂದರೆ ನೀವು ಅವನನ್ನು ಮೊದಲ ಸಾಲಿನಲ್ಲೇ ಜೈಲಿಗೆ ಕಳಿಸಿಬಿಡುತ್ತೀರಿ, ಅದೂ ಕೆನಡಾದ ಜೈಲಿಗೆ. ಎರಡನೆಯ ಸಲ ವಿಮಾನ ನಿಲ್ದಾಣದಿಂದ ಹೊರಟೆ. ಗಾಜಿನ ಬಾಗಿಲು, ಕಣ್ಣೀರು, ಕೈಬೀಸುವುದು. ಅದನ್ನೂ ಹರಿದೆ. (ನಾನು ವಿಮಾನ ನಿಲ್ದಾಣ ನೋಡಿರುವುದು ಹೊರಗಿನಿಂದ, ಅದೂ ಬೇರೆಯವರ ಕಾರು ದಾರಿ ತಪ್ಪಿದಾಗ.)

ಕೊರಟಗೆರೆಯ ಸೈಬರ್ ಅಂಗಡಿಯಿಂದಲೇ ಶುರುವಾಗಲಿ. ಅಲ್ಲಿ ಸದ್ಯಕ್ಕೆ ಕರೆಂಟ್ ಇದೆ.

೧.

ಮುತ್ತುರಾಜ್ ಬಡವನಹಳ್ಳಿಯವನು, ಕೊರಟಗೆರೆಯಲ್ಲಿ ಮೋಟರ್ ವೈಂಡಿಂಗ್ ಮಾಡುತ್ತಾನೆ. ಹೆಂಡತಿ ಸಂಘಮಿತ್ರಾ ಕೆನಡಾದಲ್ಲಿ ನರ್ಸ್. ಗಂಡನನ್ನು ಅಲ್ಲಿಗೆ ಕರೆಸಿಕೊಳ್ಳಲು ಅವಳೇ ಸ್ಪಾನ್ಸರ್. ಅರ್ಜಿಯ ಅರ್ಧವನ್ನು ಅವಳು ಅಲ್ಲಿ ತುಂಬಬೇಕು, ಉಳಿದರ್ಧವನ್ನು ಇವನು ಇಲ್ಲಿ. ಎರಡು ಅರ್ಧಗಳೂ ಒಂದೇ ಮಾತು ಹೇಳಬೇಕು.

ಅಂಗಡಿಯ ಚಿರಂಜೀವಿ ಪರದೆ ನೋಡಿ ಪ್ರಶ್ನೆಯನ್ನು ಕನ್ನಡ ಮಾಡಿದ. “ಮದ್ವೆ ಆದ್ಮೇಲೆ ಎಲ್ಲೆಲ್ಲಿ ವಾಸ ಇದ್ರಿ, ಗ್ಯಾಪ್ ಬಿಡದಂಗೆ ಬರೀರಿ ಅಂತವ್ರೆ. ಈಗ ಎಲ್ಲಿದ್ದೀಯಣ್ಣ?”

ಮುತ್ತುರಾಜ್ ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ದನಿ ಬಂತು. ಪಹಣಿ ತೆಗೆಸಲು ಬಂದಿದ್ದ ಅವನ ಊರಿನ ಬೈಲಪ್ಪ.

“ಲೇ ಮುತ್ತ! ಊರ ಕಡೆ ತಲೇನೇ ಹಾಕಲ್ವಲ್ಲ! ಮಗ ಎಲ್ಲವ್ನೆ ಅಂತ ನಿಮ್ಮಪ್ಪನ್ನ ಕೇಳಿದ್ರೆ, ನಿನ್ನ ಹೊಲದ ಕಡೆ ಮಳೆ ಹೆಂಗೆ ಅಂತಾನೆ ಕಣ್ಲಾ!”

“ಬಡವನಹಳ್ಳಿ,” ಎಂದ ಮುತ್ತುರಾಜ್, ಕಂಪ್ಯೂಟರಿಗೆ.

“ದಿನಾ ಗೊರವನಹಳ್ಳಿ ಬಸ್ಸಲ್ಲಿ ಇಳೀತೀಯಲ್ಲಣ್ಣ?” ಎಂದ ಚಿರಂಜೀವಿ, ಮೆಲ್ಲಗೆ.

“ಹೇಳಿದ್ದು ಬರ್ಕೊಳ್ಳಪ್ಪ. ಕಳಿಸ್ಬ್ಯಾಡ ಮಾತ್ರ, ಆಮೇಲೆ ಹೇಳ್ತೀನಿ.”

೨.

ನಿಜ ಇಷ್ಟು. ಸಂಕ್ರಾಂತಿ ಕಳೆದ ಮೇಲೆ ಅತ್ತೆ ಗಂಗಾಂಬಿಕಾ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಒಂದು ವಾರ ನೋಡಿಕೊಂಡು ಬರೋಣವೆಂದು ಗೊರವನಹಳ್ಳಿಗೆ ಹೋದ ಮುತ್ತುರಾಜ್, ದೀಪಾವಳಿ ಹತ್ತಿರ ಬಂದರೂ ಅಲ್ಲೇ ಇದ್ದಾನೆ. ಹೆಂಡತಿಯ ತವರಿನಲ್ಲಿ ಉಳಿದ ಗಂಡಸನ್ನು ನಮ್ಮ ಕಡೆ ‘ಮನೆ ಅಳಿಯ’ ಎನ್ನುತ್ತಾರೆ. ಎನ್ನುವಾಗ ಪಕ್ಕದವರ ಮುಖ ಒಮ್ಮೆ ನೋಡುತ್ತಾರೆ. (ಗಂಡನ ಮನೆಯಲ್ಲಿ ಜೀವಮಾನವಿಡೀ ಇರುವ ಹೆಂಗಸನ್ನು ಕಂಡು ಯಾರೂ ಹಲ್ಲು ಕಿರಿಯುವುದಿಲ್ಲ. ನಾನು ಹಾಗೆ ಇದ್ದವಳು, ಬರೀ ಸೊಸೆ ಆಗಿದ್ದೆ.)

ಗಂಗಾಂಬಿಕಾ ಅಳಿಯನ ಎದುರು ಕೂತವರಲ್ಲ, ನೇರ ಮಾತಾಡಿದವರೂ ಅಲ್ಲ. ಅಡುಗೆಮನೆಯ ಬಾಗಿಲ ಹಿಂದೆ ವಾಕರ್ ಹಿಡಿದು ನಿಂತು ಬೆಕ್ಕಿಗೆ ಹೇಳುತ್ತಾರೆ: “ಬಿಸ್ನೀರು ಕಾದೈತೆ. ಸ್ನಾನ ಮಾಡೋರಿದ್ರೆ ಮಾಡ್ಲಿ.” ಬೆಕ್ಕು ಈವರೆಗೆ ಒಮ್ಮೆಯೂ ಸ್ನಾನ ಮಾಡಿಲ್ಲ.

೩.

ಇಲ್ಲಿ ಮುತ್ತುರಾಜ್ ನನ್ನ ಜೊತೆ ಜಗಳಕ್ಕೆ ಬಂದ.

“ಅಜ್ಜಿ, ಆ ‘ಮನೆ ಅಳಿಯ’ ಅನ್ನೋ ಮಾತು ತೆಗೀರಿ. ನಮ್ಮಪ್ಪನ ಕಿವಿಗೆ ಬೀಳುತ್ತೆ.”

“ನಿಮ್ಮಪ್ಪ ಕಥೆ ಓದ್ತಾರೇನಪ್ಪ?”

“ಇಲ್ಲ. ಓದ್ದೋರು ಹೋಗಿ ಹೇಳ್ತಾರೆ.”

“ನನ್ನ ಕಥೆ ಓದೋರು ಅಷ್ಟು ದೂರ ನಡೆಯೋ ವಯಸ್ಸಿನವರಲ್ಲ ಬಿಡು.”

ಅವನು ನಗಲಿಲ್ಲ. ನಾನು ಆ ಮಾತು ತೆಗೆಯಲಿಲ್ಲ.

೪.

ಅಂದು ಸಂಜೆ ಸಂಘಮಿತ್ರಾಳ ವಿಡಿಯೋ ಕಾಲ್ ಬಂತು.

“ರೀ, ನಿಮ್ಮ ಅಡ್ರೆಸ್ಸು ಅಮ್ಮನ ಮನೇದೇ ಹಾಕಿದ್ದೀನಿ. ನೀವೂ ಅದೇ ತಾನೆ?”

“ಬಡವನಹಳ್ಳಿ ಅಂದೆ.”

“ಯಾಕೆ?”

“ಬೈಲಪ್ಪಣ್ಣ ಇದ್ದ.”

“ಬೈಲಪ್ಪ ವೀಸಾ ಕೊಡ್ತಾನಾ? ಇಬ್ರೂ ಒಂದೊಂದು ಥರ ಬರೆದ್ರೆ ಕಾಗದದ ಮದ್ವೆ ಅಂತ ವಾಪಸ್ ಕಳಿಸ್ತಾರೆ ಕಣ್ರೀ. ನಾನಿನ್ನೆಷ್ಟು ವರ್ಷ ಫೋನಿಗೆ ತಟ್ಟೆ ತೋರಿಸ್ಕೊಂಡು ಉಣ್ಲಿ?”

(ಇಲ್ಲಿ ಮುತ್ತುರಾಜನಿಗೊಂದು ಉದ್ದನೆಯ ಭಾಷಣ ಬರೆದಿಟ್ಟಿದ್ದೆ. ಅವನು ಅದನ್ನು ಆಡಲು ಒಪ್ಪಲಿಲ್ಲ. ತಲೆ ಬಗ್ಗಿಸಿ ಫೋನ್ ಇಟ್ಟುಬಿಟ್ಟ.)

ವಾಕರ್ ಸದ್ದಾಯಿತು. ಗಂಗಾಂಬಿಕಾ ಬಾಗಿಲ ಹಿಂದಿನಿಂದ ಹೊರಗೆ ಬಂದು, ಅಳಿಯನ ಎದುರಿನ ಕುರ್ಚಿಯಲ್ಲಿ ಕೂತರು. ಬೆಕ್ಕು ಅಲ್ಲೇ ಇತ್ತು. ಅದರ ಕಡೆ ನೋಡಲೇ ಇಲ್ಲ.

“ಅಳಿಮಯ್ಯ, ಪಕ್ಕದ್ಮನೆ ಪಾಪಕ್ಕ ಕೇಳ್ತಾನೇ ಇರ್ತಾಳೆ, ನಿಮ್ಮಳಿಯ ಇನ್ನೂ ಹೋಗಿಲ್ವಾ ಅಂತ. ನಾನೇನಂತೀನಿ ಗೊತ್ತಾ? ಮೋಟರ್ ಕೆಟ್ಟೈತೆ ಕಣಮ್ಮ, ರಿಪೇರಿ ಮಾಡ್ತಾವ್ರೆ ಅಂತೀನಿ.”

“ನಮ್ಮನೇಲಿ ಮೋಟರ್ ಎಲ್ಲೈತೆ ಅತ್ತೆ?”

“ಇಲ್ಲ. ಪಾಪಕ್ಕಂಗೂ ಗೊತ್ತು. ಇಬ್ರೂ ಒಂದೇ ಬೀದಿ ನಲ್ಲೀಲಿ ನೀರು ಹಿಡಿಯೋದು. ಆದ್ರೂ ಎಲ್ಲಿ ಮೋಟರು ಅಂತ ಒಂದಿನ ಕೇಳಿಲ್ಲ ಪುಣ್ಯಾತ್ಗಿತ್ತಿ.” ಸೆರಗು ಸರಿಮಾಡಿಕೊಂಡರು. “ನಿಮ್ಗೆ ಯಾರೂ ಒಂದು ಮಾತಂದ್ಬುಡಬಾರ್ದು ಅಂತ ಅಂಗಂದೆ. ಈಗ ನೋಡಿದ್ರೆ ನಾನೇ ಸುಳ್ಳು ಕಲ್ಸಿದಂಗಾಯ್ತು.”

ತಾನು ‘ನಮ್ಮನೇಲಿ’ ಎಂದದ್ದು ಮುತ್ತುರಾಜನಿಗೆ ಆಮೇಲೆ ಕೇಳಿಸಿತು. (ನನಗೂ. ನಾನು ಬರೆದುಕೊಟ್ಟದ್ದು ‘ನಿಮ್ಮನೇಲಿ’ ಎಂದು.)

೫.

ಮರುದಿನವೂ ಬೆಂಚಿನ ಮೇಲೆ ಬೈಲಪ್ಪ. ನಿನ್ನೆ ಸರ್ವರ್ ಇರಲಿಲ್ಲವಂತೆ. (ನಾನು ಬೇಕೆಂದೇ ಕೂರಿಸಿದೆ ಎನ್ನಬೇಡಿ. ಸರ್ವರ್ ನನ್ನ ಕೈಯಲ್ಲಿಲ್ಲ.)

“ಗೊರವನಹಳ್ಳಿ ಅಂತ ಬರ್ಕೋ ಚಿರಂಜೀವಿ. ಗಂಗಾಂಬಿಕಮ್ಮನೋರ ಮನೆ,” ಎಂದ ಮುತ್ತುರಾಜ್, ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ.

ಬೈಲಪ್ಪ ಗಡ್ಡ ಕೆರೆದುಕೊಂಡ. “ಮೋಟರ್ ರಿಪೇರಿ ಆಯ್ತೇನ್ಲಾ?”

ಆ ಮೋಟರು ಬಡವನಹಳ್ಳಿಯವರೆಗೂ ಹೋಗಿತ್ತು!

“ಮೋಟರೇ ಇಲ್ಲ ಬೈಲಪ್ಪಣ್ಣ. ಅಲ್ಲೇ ಇದ್ದೀನಿ.”

ಬೈಲಪ್ಪ ಬೆಂಚಿನಲ್ಲಿ ಸರಿದು ಜಾಗ ಮಾಡಿದ. “ಅಂಗಾರೆ ಕುಂತ್ಕೊಂಡು ಬರ್ಸು. ನಿಂತ್ಕೊಂಡ್ಯಾಕೆ ಬರುಸ್ತೀಯ.”

“ಯಾವತ್ತಿಂದ?” ಚಿರಂಜೀವಿ ಕೇಳಿದ.

“ಅತ್ತೆ ಬಿದ್ದ ದಿನದಿಂದ.”

“ಯಾವತ್ತಿನವರೆಗೆ?”

ಮುತ್ತುರಾಜ್ ಲೆಕ್ಕ ಹಾಕಿದ. ಈ ಅರ್ಜಿ ಗೆದ್ದರೆ ಹೆಂಡತಿಯ ತಟ್ಟೆಯ ಪಕ್ಕ ತನ್ನ ತಟ್ಟೆ. ಗೆದ್ದರೆ, ಗೊರವನಹಳ್ಳಿಯಲ್ಲಿ ಬಿಸಿನೀರು ಯಾರಿಗೆ ಕಾಯುತ್ತದೆ? ಅವನು ತಿರುಗಿ ನನ್ನನ್ನು ನೋಡಿದ.

ನನ್ನ ಬಳಿ ಕೊನೆಗಳಿಗೇನೂ ಬರವಿರಲಿಲ್ಲ. ವೀಸಾ ಬಂದು ಹಾರಿಹೋಗುವ ಕೊನೆ. ಸಂಘಮಿತ್ರಾಳೇ ವಾಪಸ್ ಬಂದು ತುಮಕೂರಿನಲ್ಲಿ ಕೆಲಸ ಹಿಡಿಯುವ ಕೊನೆ. ಅತ್ತೆ ವಾಕರ್ ಸಮೇತ, ಬೆಕ್ಕಿನ ಸಮೇತ ಹಿಮದಲ್ಲಿ ಇಳಿಯುವ ಕೊನೆ. (ಇದು ನನಗೆ ತುಂಬಾ ಇಷ್ಟವಾಗಿತ್ತು.) ಎಲ್ಲವನ್ನೂ ಅವನ ಮುಂದಿಟ್ಟೆ.

“ಇವೆಲ್ಲ ಮುಂದಿನ ಮಾತು ಅಜ್ಜಿ. ಇವ್ರು ಕೇಳಿರೋದು ಈಗಿಂದು.”

“ಇನ್ನೂ ಅಲ್ಲೇ ಇದ್ರೆ ‘ಇಲ್ಲಿಯವರೆಗೆ’ ಅಂತ ಹಾಕ್ತೀನಣ್ಣ,” ಎಂದ ಚಿರಂಜೀವಿ. “ಎಲ್ರೂ ಅಂಗೇ ಹಾಕೋದು.”

“ಹಾಕು.”

೬.

ಗಂಗಾಂಬಿಕಾ ಈಗ ಪಾಪಕ್ಕನಿಗೆ ನಿಜವನ್ನೇ ಹೇಳುತ್ತಾರೆ: ಅಳಿಯ ಇಲ್ಲೇ ಅವ್ರೆ ಕಣಮ್ಮ. ಹಾಗಾಗಿ ಅವರ ಹಳೆಯ ಸುಳ್ಳು ಖಾಲಿ ಬಿದ್ದಿತ್ತು. ಕೇಳಿ ಇಸಿದುಕೊಂಡೆ.

ವೀಸಾ ಬಂತಾ? ಹೋದನಾ? ಅತ್ತೆ ಏನಾದರು? ಕೇಳಿ, ಕೇಳಬೇಡಿ ಎನ್ನುವುದಿಲ್ಲ. ಮೋಟರ್ ಕೆಟ್ಟಿದೆ, ರಿಪೇರಿ ಮಾಡುತ್ತಿದ್ದಾರೆ.