ಕಿಂಡಿಯ ರಟ್ಟು

ಊಟದ ಬಿಡುವಿನಲ್ಲಿ ಅವಳು ಪುಸ್ತಕ ತೆರೆದಳು. ತೆರೆದ ಕೂಡಲೇ ಎಡಗೈ ತಾನಾಗಿ ಹೋಗಿ ಪುಟದ ಮೇಲೆ ಮಲಗಿತು. ತೋರುಬೆರಳೂ ನಡುಬೆರಳೂ ಅಗಲವಾದವು. ಅವುಗಳ ನಡುವೆ ಎರಡೇ ಸಾಲು ಕಾಣುತ್ತಿತ್ತು, ಉಳಿದದ್ದೆಲ್ಲ ಅಂಗೈ ಕೆಳಗೆ. ಬೇರೆ ಯಾರದೋ ಕೈಯನ್ನು ತಂದು ತನ್ನ ಮಣಿಕಟ್ಟಿಗೆ ಹೊಲಿದಿದ್ದಾರೇನೋ ಎನಿಸಿ ಅವಳಿಗೆ ಹೇಸಿಗೆಯಾಯಿತು. ಚೇಷ್ಟೆ ಮಾಡಿದ ಮಗುವನ್ನು ಕೂರಿಸುವ ಹಾಗೆ ಆ ಕೈಯನ್ನೆತ್ತಿ ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು.

ಅವಳು ಕೆಲಸ ಮಾಡುತ್ತಿದ್ದದ್ದು ಕಟ್ಟು ಹಲ್ಲು ತಯಾರಿಸುವ ಲ್ಯಾಬಿನಲ್ಲಿ. ಎರಡು ಕೋಣೆ, ಒಂದು ಸಿಂಕು, ಒಂದು ಕಿಟಕಿ. ಕಿಟಕಿಯ ಉದ್ದಕ್ಕೂ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು. ಮೊದಮೊದಲು ಅವುಗಳೆದುರು ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಊಟಕ್ಕೆ ಅವುಗಳದ್ದೇ ಜೊತೆ. ಬಳಗದವರ ಬಾಯಿಗಿಂತ ಇವು ಎಷ್ಟೋ ವಾಸಿ, ಮಾತಾಡುವುದಿಲ್ಲ.

ಬಳಗ ಎಂದರೆ ಅವಳು ಮದುವೆಯಾಗಿ ಸೇರಿದ ಮನೆಯವರ ಪ್ರಾರ್ಥನೆಯ ಗುಂಪು. ಸೇರಿದ ದಿನವೇ ಎಲ್ಲರಿಗೂ ಒಂದು ಬೈಬಲ್, ಒಂದು ರಟ್ಟು ಕೊಡುತ್ತಿದ್ದರು. ರಟ್ಟು ಪುಟದಷ್ಟೇ ಅಗಲ, ನಡುವೆ ಎರಡು ಸಾಲು ಕಾಣುವಷ್ಟು ಕೊರೆದ ಕಿಂಡಿ. ಗುಂಪನ್ನು ನಡೆಸುವ ಹಿರಿಯಣ್ಣ ಹೇಳಿದ ವಾಕ್ಯದ ಮೇಲೆ ಕಿಂಡಿ ಬರುವ ಹಾಗೆ ರಟ್ಟಿಟ್ಟು, ಕಂಡಷ್ಟನ್ನು ಓದಿ, ಪುಸ್ತಕ ಮುಚ್ಚಬೇಕು. ಹಿಂದೆ ಮುಂದೆ ಕಣ್ಣಾಡಿಸುವುದಕ್ಕೆ ಅಲೆದಾಟ ಎಂದು ಹೆಸರು. ಅಲೆದವರು ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಳ್ಳಬೇಕು. ವಿಶ್ವವಿದ್ಯಾಲಯದಲ್ಲಿ ಒಂದು ಅಂಕಿ ಅತ್ತಿತ್ತ ಆದರೂ ಮೇಷ್ಟರ ಜೊತೆ ವಾದಕ್ಕೆ ನಿಲ್ಲುತ್ತಿದ್ದವಳು ಆರು ವರ್ಷ ಆ ರಟ್ಟನ್ನು ಚೀಲದಲ್ಲಿಟ್ಟುಕೊಂಡು ತಿರುಗಿದ್ದಳು. ಗಂಡನಿಗೆ ಅದು ಹುಟ್ಟಿನಿಂದ ಬಂದದ್ದು. ಅವನ ಮೇಲಿನ ಪ್ರೀತಿಗೆ ಇವಳು ಅದನ್ನೂ ನುಂಗಿದ್ದಳು.

ರಟ್ಟಿಲ್ಲದೆ ಓದುತ್ತಿದ್ದವನು ಹಿರಿಯಣ್ಣನೊಬ್ಬನೇ. ಓದುವ ಮೊದಲು ಬೆರಳನ್ನು ನಾಲಿಗೆಗೆ ಒತ್ತುತ್ತಿದ್ದ. ಸುಮ್ಮನೆ ತಾಗಿಸುವುದಲ್ಲ, ಉಪ್ಪು ನೋಡುವವನ ಹಾಗೆ ಚೆನ್ನಾಗಿ ಒತ್ತಿ ಒದ್ದೆ ಮಾಡಿಕೊಳ್ಳುತ್ತಿದ್ದ. ಆತನ ಪುಸ್ತಕದ ಪುಟಗಳ ಕೆಳಮೂಲೆ ಹಳದಿಗಟ್ಟಿ ಉಬ್ಬಿತ್ತು. ಓದು ಮುಗಿದ ಮೇಲೆ ಅದೇ ಬೆರಳನ್ನು ಒಬ್ಬೊಬ್ಬರ ಹಣೆಗೂ ಇಟ್ಟು ಹರಸುತ್ತಿದ್ದ. ಒದ್ದೆ ಆರುವವರೆಗೆ ಒರೆಸಿಕೊಳ್ಳುವ ಹಾಗಿರಲಿಲ್ಲ.

ಗಂಡ ಸತ್ತದ್ದು ರಸ್ತೆಯಲ್ಲಿ. ಕೆಲಸ ಮುಗಿಸಿ ಬರುತ್ತಿದ್ದಾಗ ಬ್ರೇಕ್ ಹಿಡಿಯದ ಲಾರಿ ಹಿಂದಿನಿಂದ ಗುದ್ದಿತ್ತು. ಅದರಲ್ಲಿ ಒಡೆಯಬೇಕಾದ ಗುಟ್ಟೇನೂ ಇರಲಿಲ್ಲ. ಆದರೆ ಹಿರಿಯಣ್ಣ ಮನೆಗೆ ಬಂದು, ಅವರಿಬ್ಬರೂ ಮಲಗುತ್ತಿದ್ದ ಮಂಚದ ಮೇಲೇ ಕೂತು, ಬೆರಳು ಒದ್ದೆ ಮಾಡಿಕೊಂಡು, ಒಂದು ವಾಕ್ಯ ಓದಿದ್ದ. ತಪ್ಪು ಮಾಡದವನು ಎಂದಾದರೂ ನಾಶವಾದದ್ದುಂಟೇ ಎಂದು ಅದರ ಅರ್ಥ. ದೇವರ ಮಾತು ಎಂದು ಹೇಳಿ ಪುಸ್ತಕ ಮುಚ್ಚಿದ್ದ. ಆಮೇಲೆ, ಸತ್ತವನು ಬಚ್ಚಿಟ್ಟ ಪಾಪ ಯಾವುದು ಎಂದು ವಿಚಾರಿಸತೊಡಗಿದ್ದ. ಫೋನಿನಲ್ಲಿ ಏನು ನೋಡುತ್ತಿದ್ದ, ಯಾವ ಹೆಂಗಸಿನ ಜೊತೆ ನಗುತ್ತಿದ್ದ, ಹಾಸಿಗೆಯಲ್ಲಿ ಹೇಗಿದ್ದ. ಕೇಳುವಾಗ ಹಿರಿಯಣ್ಣನ ತುಟಿಯ ಮೂಲೆಯಲ್ಲಿ ನೊರೆ ಕಟ್ಟುತ್ತಿತ್ತು. ಅವಳು ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು ಅತ್ತೆ. ಮುಂದಿನ ಸಭೆಯಲ್ಲಿ ಎದ್ದು ನಿಂತು, ನನ್ನ ಮಗ ಏನೋ ಬಚ್ಚಿಟ್ಟಿದ್ದ, ತಾಯಿಯಾಗಿ ನಾನು ಒಪ್ಪಿಕೊಳ್ಳುತ್ತೇನೆ ಎಂದು ಹೇಳಿಬಿಟ್ಟರು. ಸುತ್ತ ಕೂತವರು ಅವರ ಬೆನ್ನು ಸವರಿದರು. ಆ ಸಂಜೆಯೇ ಗೋಡೆಯಿಂದ ಫೋಟೋ ಇಳಿಯಿತು. ಕಡ್ಡಿಯಂತಿದ್ದವನನ್ನು, ಹುಟ್ಟುವಾಗ ದುಂಡಗಿದ್ದ ಎಂಬ ಒಂದೇ ಕಾರಣಕ್ಕೆ, ಮನೆಯಲ್ಲಿ ಎಲ್ಲರೂ ಗುಂಡ ಎಂದು ಕರೆಯುತ್ತಿದ್ದರು. ಆ ಹೆಸರೂ ಹೋಯಿತು. ಅತ್ತೆಯ ಬಾಯಲ್ಲಿ ಅವನು 'ಹೋದವನು' ಆದ.

ಅವಳು ಬಳಗ ಬಿಟ್ಟಳು. ಬಿಟ್ಟವರ ಜೊತೆ ಊಟವಿಲ್ಲ, ಕೂರುವುದಿಲ್ಲ, ಕಷ್ಟಸುಖದ ಮಾತಿಲ್ಲ. ಅಂಗಡಿ, ಆಸ್ಪತ್ರೆ, ರಿಪೇರಿ ಇಂಥ ಕಡೆ ಕೆಲಸದ ಮಾತು ಆಡಬಹುದು, ಅಷ್ಟೇ.

ಬೀದಿಬದಿಯ ಹಳೇ ಪುಸ್ತಕದ ರಾಶಿಯಿಂದ ಅವಳು ಇನ್ನೊಂದು ಬೈಬಲ್ ತಂದದ್ದು ಭಕ್ತಿಗಲ್ಲ. ಪಾಚಿ ಕಟ್ಟಿದ ಬಚ್ಚಲನ್ನು ತಿಕ್ಕುವ ಹಾಗೆ ಮೊದಲ ಪುಟದಿಂದ ತಿಕ್ಕುತ್ತಾ ಬಂದಳು. ಯಾವ ಸಾಲು ಓದಿದರೂ ಹಿರಿಯಣ್ಣನ ಒದ್ದೆ ದನಿಯಲ್ಲೇ ಕೇಳಿಸುತ್ತಿತ್ತು. ಕೇಳಿಸಿದರೆ ಪುಸ್ತಕ ಮುಚ್ಚಿ, ಬಾಯಿ ಮುಕ್ಕಳಿಸಿ ಬಂದು, ಅದೇ ಸಾಲಿನಿಂದ ಮತ್ತೆ ಶುರು ಮಾಡುತ್ತಿದ್ದಳು. ಎಷ್ಟೋ ಪುಟಗಳು ಬಳಗದಲ್ಲಿ ಯಾರೂ ಬಾಯೆತ್ತಿ ಹೇಳದಂಥವು. ಜಗಳ, ಸುಳ್ಳು, ಅಳು, ದೇವರ ಮೇಲೇ ರೇಗಾಟ. ಕಿಂಡಿಯಲ್ಲಿ ಇದ್ಯಾವುದೂ ಕಂಡಿರಲಿಲ್ಲ.

ಅಂದು ತೊಡೆಯ ಕೆಳಗೆ ಕೈ ಒತ್ತಿಕೊಂಡು ಅವಳು ಓದುತ್ತಿದ್ದದ್ದು ಯೋಬನ ಕಥೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತವನು. ಸಂತೈಸಲೆಂದು ಗೆಳೆಯರು ಬರುತ್ತಾರೆ. ಅವರಲ್ಲಿ ಮೊದಲು ಬಾಯಿ ತೆರೆದವನ ಮಾತಿನ ನಡುವೆ ಆ ವಾಕ್ಯ ಎದುರಾಯಿತು, ಮಂಚದ ಮೇಲೆ ಕೂತು ಓದಿದ್ದ ಅದೇ ವಾಕ್ಯ. ದೇವರು ಹೇಳಿದ್ದಲ್ಲ. ಮಕ್ಕಳು ಸತ್ತ ಮನೆಗೆ ಬಂದು ನಿನ್ನದೇ ತಪ್ಪಿರಬೇಕು ಎನ್ನುವ ಗೆಳೆಯ ಹೇಳಿದ್ದು. ಅವಳು ಡಬ್ಬಿಯ ಊಟ ಹಾಗೇ ಬಿಟ್ಟು ಕಥೆಯನ್ನು ಕೊನೆಯವರೆಗೂ ಓದಿದಳು. ಕೊನೆಯಲ್ಲಿ ದೇವರು ಆ ಗೆಳೆಯರ ಮೇಲೇ ಕೋಪಗೊಳ್ಳುತ್ತಾನೆ: ನನ್ನ ವಿಷಯದಲ್ಲಿ ನೀವು ಆಡಿದ್ದು ಸರಿಯಲ್ಲ, ಯೋಬ ಆಡಿದ್ದೇ ಸರಿ.

ಸಿಂಕಿನ ಹತ್ತಿರ ಹೋಗಿ ಹಿಡಿದುಕೊಂಡು ನಿಂತಳು. ಬಾಯಿ ಮುಕ್ಕಳಿಸಿ ಉಗಿದಳು. ಮನೆಮಂದಿಯೆಲ್ಲ ದೇವರ ಮಾತೆಂದು ನುಂಗಿದ್ದು, ದೇವರೇ ಉಗಿದ ಮಾತು. ಹಿರಿಯಣ್ಣನಿಗೆ ರಟ್ಟಿರಲಿಲ್ಲ. ಮೇಲಿನದೂ ಕೆಳಗಿನದೂ ಆತನಿಗೆ ಕಾಣುತ್ತಿತ್ತು.

ಇದನ್ನು ಅತ್ತೆಗೆ ತೋರಿಸಬೇಕು. ಆದರೆ ಆ ಮನೆಯ ಬಾಗಿಲು ಅವಳಿಗೆ ತೆರೆಯುವುದಿಲ್ಲ. ಉಳಿದದ್ದು ಒಂದೇ ದಾರಿ, ಅತ್ತೆಯ ಮೇಲ್ದವಡೆಯ ಕಟ್ಟು ಹಲ್ಲು ಮತ್ತೆ ಮುರಿಯಬೇಕು. ಅವಳು ಬಳಗ ಬಿಟ್ಟ ಮೇಲೆ ಅದು ಎರಡು ಸಲ ಮುರಿದಿತ್ತು, ಎರಡು ಸಲವೂ ಅತ್ತೆ ಅದನ್ನು ಇಲ್ಲಿಗೇ ತಂದಿದ್ದರು. ವಯಸ್ಸಾದ ಹೆಂಗಸಿನ ಹಲ್ಲು ಮುರಿಯಲೆಂದು ಹಾರೈಸುತ್ತಾ ಕೂರುವ ತನ್ನ ಬಗ್ಗೆಯೂ ಅವಳಿಗೆ ಅಸಹ್ಯವಾಯಿತು. ಆದರೂ ಹಾರೈಸಿದಳು.

ಹಲ್ಲು ಮುರಿಯಿತು. ಒಂದು ಮಧ್ಯಾಹ್ನ ಅತ್ತೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಲ್ಯಾಬಿನ ಯಜಮಾನನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ಆತ ಇವಳನ್ನು ಮೇಡಂ ಎನ್ನುತ್ತಿದ್ದ. ಆತ ಪೊಟ್ಟಣ ಬಿಚ್ಚಿ ನೋಡಿ ನಕ್ಕ.

"ಏನಮ್ಮಾ, ಮನೇಲಿ ಊಟ ಮಾಡ್ತೀರೋ, ಜಲ್ಲಿ ಅಗೀತೀರೋ? ಮೇಡಂ, ಈ ಸಲ ಒಳಗೆ ತಂತಿ ಕೂರಿಸಿಬಿಡಿ. ಸುತ್ತಿಗೇಲಿ ಹೊಡೆದ್ರೂ ಜಪ್ಪಯ್ಯ ಅನ್ಬಾರದು."

ಅಷ್ಟು ಹೇಳಿ ಆತ ಒಳಕೋಣೆಗೆ ಹೋದ.

ಅವಳು ತುಂಡುಗಳನ್ನು ಕೈಗೆ ತೆಗೆದುಕೊಂಡಳು. ಇನ್ನೂ ಎಂಜಲಿನಿಂದ ಜಾರುತ್ತಿದ್ದವು, ಒಂದು ಹಲ್ಲಿನ ಸಂದಿಯಲ್ಲಿ ಬೆಳಗಿನ ತಿಂಡಿಯ ಚೂರು ಉಳಿದಿತ್ತು. ಉಸಿರು ಬಿಗಿಹಿಡಿದು ಬ್ರಷ್ಷಿನಿಂದ ತೊಳೆದಳು. ನಡುಮಧ್ಯಕ್ಕೆ ಸೀಳಿತ್ತು, ಹಿಂದಿನ ಎರಡು ಸಲದ ಹಾಗೆಯೇ. ಮುಂದಿನ ಹಲ್ಲಿನ ಮೇಲೆ ಕಲ್ಲಿಗೆ ಉಜ್ಜಿದ ಗೀರು. ಇದು ಬಾಯಲ್ಲಿ ಮುರಿದದ್ದಲ್ಲ, ಬೇಕೆಂದೇ ಕುಟ್ಟಿ ಮುರಿದದ್ದು.

"ಹೇಗೆ ಮುರೀತು ಅತ್ತೆ?"

"ಕೈ ಜಾರ್ತು," ಎಂದರು ಅತ್ತೆ. ಪ್ರತಿ ಸಲವೂ ಅದೇ ಉತ್ತರ.

ಎರಡು ತುಂಡನ್ನೂ ಮೇಣದಿಂದ ಜೋಡಿಸಿ, ಒಳಭಾಗಕ್ಕೆ ಪ್ಲಾಸ್ಟರ್ ಸುರಿದಿಟ್ಟು, ಕೈ ಒರೆಸಿಕೊಂಡು ಅವಳು ಮೇಜಿನ ಖಾನೆಯಿಂದ ಪುಸ್ತಕ ತೆಗೆದಳು. ಅತ್ತೆಯ ಕಣ್ಣು ಬಾಗಿಲ ಕಡೆ ಹೋಯಿತು.

"ಕೆಲಸದ ಮಾತು ಮಾತ್ರ ಆಡು."

"ಕೆಲಸದ ಮಾತೇ. ಪ್ಲಾಸ್ಟರ್ ಗಟ್ಟಿಯಾಗೋವರೆಗೂ ನೀವು ಇಲ್ಲೇ ಕೂತಿರಬೇಕು. ನಾನು ನನ್ನಷ್ಟಕ್ಕೆ ಓದ್ಕೋತೀನಿ. ಬೇಡ ಅಂದ್ರೆ ಕಿವಿ ಮುಚ್ಕೊಳ್ಳಿ."

ಅತ್ತೆ ಕಿವಿ ಮುಚ್ಚಿಕೊಳ್ಳಲಿಲ್ಲ. ಆ ವಾಕ್ಯ ಬಂದಾಗ ಅವರ ತಲೆ ಬಗ್ಗಿತು, ಕೈ ಚೀಲಕ್ಕೆ ಹೋಗಿ ರಟ್ಟನ್ನು ತೆಗೆದು ಪುಟದ ಮೇಲಿಟ್ಟಿತು. ಬೆರಳಿನ ಜಿಡ್ಡು ಕುಡಿದು ರಟ್ಟಿನ ಅಂಚು ಕಪ್ಪಗೆ ಹೊಳೆಯುತ್ತಿತ್ತು, ಕಿಂಡಿಯ ಮೂಲೆಗಳಲ್ಲಿ ಕೊಳೆ ಕೂತಿತ್ತು. ಸತ್ತ ಜಿರಲೆಯನ್ನು ಎತ್ತುವ ಹಾಗೆ ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಳು.

"ಇದನ್ನ ಹೇಳ್ತಿರೋದು ಯಾರು, ನೋಡಿ."

"ದೇವರು."

"ಮೇಲಿಂದ ಓದಿ."

ಅತ್ತೆ ಓದಿದರು. ಹಲ್ಲಿಲ್ಲದ ತುಟಿಗಳು ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿದ್ದವು. ಅವಳು ಕೊನೆಯ ಪುಟಗಳಿಗೆ ತಿರುಗಿಸಿ ದೇವರು ಕೋಪಗೊಂಡ ಜಾಗವನ್ನು ತೋರಿಸಿದಳು. ಅತ್ತೆ ಅದನ್ನೂ ಓದಿದರು. ಬೆರಳು ಒಂದು ಸಾಲು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಅಲೆದಾಡಿತು.

"ಹಾಗಾದ್ರೆ," ಎಂದರು ಅತ್ತೆ, "ನಾನು ಎಲ್ಲರ ಮುಂದೆ ಎದ್ದು ನಿಂತು ಹೇಳಿದ್ದು?"

ಅವಳು ಪುಸ್ತಕ ಮುಚ್ಚದೆ ಅವರ ಮುಂದೆಯೇ ಬಿಟ್ಟಳು.

ಅತ್ತೆ ಅಳಲಿಲ್ಲ. ಕರವಸ್ತ್ರದಿಂದ ತುಟಿ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ತುಟಿ ಕೆಂಪಾಗುವವರೆಗೂ ಉಜ್ಜಿದರು. ಆಮೇಲೆ ಕೈ ಮೇಲೆ ಹೋಗಿ ಹಣೆಯನ್ನು ಉಜ್ಜತೊಡಗಿತು. ಅವರ ಮುಖದಲ್ಲಿದ್ದದ್ದು ದುಃಖ ಎಂದು ಬೇರೆ ಯಾರಾದರೂ ಅಂದುಕೊಳ್ಳಬಹುದಿತ್ತು. ಸೊಸೆ ಸಿಂಕಿನ ಮೇಲಿನ ಕನ್ನಡಿಯಲ್ಲಿ ದಿನಾ ನೋಡುತ್ತಿದ್ದ ಮುಖ ಅದು.

ಆದರೂ ಉಜ್ಜಿ ಮುಗಿಸಿದ ಮೇಲೆ ಅತ್ತೆ ರಟ್ಟನ್ನು ಎತ್ತಿಕೊಂಡು ಚೀಲಕ್ಕೆ ಹಾಕಿಕೊಂಡರು.

"ಅದನ್ನ ಇನ್ನೂ ಇಟ್ಕೋತೀರಾ?"

"ಸಭೇಲಿ ಒಳಗೆ ಬಿಡೋ ಮುಂಚೆ ಬಾಗಿಲಲ್ಲಿ ನೋಡ್ತಾರೆ ಕಣೇ. ಇರೋ ಮನೆ ಬಳಗದ್ದು. ಈ ವಯಸ್ಸಲ್ಲಿ ನಾನೆಲ್ಲಿ ಹೋಗ್ಲಿ?"

ನನ್ನ ಕೋಣೆಗೆ ಬನ್ನಿ ಎಂದು ಅವಳು ಹೇಳಿದಳು. ಮಂಚ ಒಂದೇ ಇದೆ, ನಾನು ಕೆಳಗೆ ಮಲಗುತ್ತೇನೆ ಎಂದೂ ಹೇಳಿದಳು. ಅತ್ತೆ ಕೇಳಿಸಿಕೊಂಡರೋ ಇಲ್ಲವೋ, ಕಿಟಕಿಯ ಮೇಲಿನ ದವಡೆಗಳನ್ನೇ ನೋಡುತ್ತಾ ಕೂತರು. ಸಾಲಿನ ತುದಿಯಲ್ಲಿ ಒಂದು ಪುಟ್ಟ ದವಡೆಯಿತ್ತು, ಯಾವುದೋ ಮಗುವಿನದು.

"ಗುಂಡಂಗೆ ಮೊದಲು ಬಂದಿದ್ದು ಕೆಳಗಿನ ಹಲ್ಲು," ಎಂದರು.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು. ಆ ಹೆಸರನ್ನು ಆ ಬಾಯಲ್ಲಿ ಕೇಳಿ ವರ್ಷ ದಾಟಿತ್ತು.

"ಎರಡೂ ಒಟ್ಟಿಗೇ ಬಂದ್ವು. ಬಂದ ದಿನಾನೇ ನನ್ನ ಭುಜ ಕಚ್ಚಿದ್ದ. ಅಕ್ಕಿಕಾಳಿನಷ್ಟು ಗುರುತು." ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದರು. "ಹಲ್ಲಿನ ಮಾತು ತಾನೇ. ಕೆಲಸದ ಮಾತೇ."

ಇಲ್ಲಿ ಕೂತೂ ಆ ನಿಯಮವನ್ನು ಪಾಲಿಸುವ ಆ ಬುದ್ಧಿ ಅವಳನ್ನು ಕೆರಳಿಸಿತು. ಪುಸ್ತಕವನ್ನೆತ್ತಿ ಗೋಡೆಗೆ ಬೀಸಬೇಕು ಅನ್ನಿಸಿತು. ಬೀಸಲಿಲ್ಲ. ಹಲ್ಲಿನ ಮಾತಾದರೆ ಹಲ್ಲಿನ ಮಾತೇ ಆಗಲಿ.

"ಮದುವೆ ಆದ್ಮೇಲೂ ನಿದ್ದೇಲಿ ಹಲ್ಲು ಕಡೀತಿದ್ರು," ಎಂದಳು. "ನಂಗೆ ನಿದ್ದೆ ಬರ್ತಿರ್ಲಿಲ್ಲ. ಮೂಗು ಹಿಡಿದ್ರೆ ನಿಲ್ಲಿಸ್ತಿದ್ರು."

"ಅವರಪ್ಪನ ಬುದ್ಧಿ. ಇಡೀ ಮನೆಗೆ ಕೇಳಿಸ್ತಿತ್ತು."

ಹೀಗೆ ಪ್ಲಾಸ್ಟರ್ ಗಟ್ಟಿಯಾಗುವವರೆಗೂ ಅವರು ಗುಂಡನ ಹಲ್ಲಿನ ಮಾತಾಡಿದರು. ಯಾವ ಹಲ್ಲು ಯಾವಾಗ ಬಿತ್ತು, ಯಾವುದನ್ನು ಅವನೇ ದಾರ ಕಟ್ಟಿ ಕಿತ್ತುಕೊಂಡ, ನಗುವಾಗ ಎಡಗಡೆಯ ಕೋರೆಹಲ್ಲು ಹೇಗೆ ತುಟಿಯ ಮೇಲೆ ಕೂರುತ್ತಿತ್ತು. ಕೋರೆಹಲ್ಲಿನ ಮಾತು ಬಂದಾಗ ಅತ್ತೆ ಕರವಸ್ತ್ರ ತೆಗೆದು, ಬೋಳು ಒಸಡು ಕಾಣುವಂತೆ ಅವನ ಹಾಗೇ ನಕ್ಕು ತೋರಿಸಿದರು.

ಅಷ್ಟರಲ್ಲಿ ಮೇಸ್ತ್ರಿ ಒಳಕೋಣೆಯಿಂದ ತಂತಿಯ ತುಂಡು ಹಿಡಿದುಕೊಂಡು ಬಂದ. ಇದು ದಪ್ಪನೆಯದು, ಇದನ್ನೇ ಕೂರಿಸಿ ಎಂದ.

"ತಂತಿ ಬೇಡ," ಎಂದರು ಅತ್ತೆ.

"ಮತ್ತೆ ಮುರಿಯುತ್ತಲ್ಲಮ್ಮಾ."

"ಮುರೀಲಿ. ಮತ್ತೆ ತರ್ತೀನಿ."

ಮೇಸ್ತ್ರಿ ಅವಳ ಮುಖ ನೋಡಿದ. ಅವಳು ತಂತಿಯನ್ನು ಅವನ ಕೈಯಿಂದ ತೆಗೆದುಕೊಂಡು ಖಾನೆಯೊಳಗೆ ಹಾಕಿದಳು. ತುಂಡುಗಳನ್ನು ಬೆಸೆಯಲು ಒಸಡಿನ ಬಣ್ಣದ ಪುಡಿಗೆ ದ್ರಾವಣ ಬೆರೆಸಿದಾಗ ಎಂದಿನಂತೆ ಆ ಕೆಟ್ಟ ಘಾಟು ಎದ್ದಿತು. ಅತ್ತೆಯೂ ಸೊಸೆಯೂ ಒಟ್ಟಿಗೇ ಮುಖ ಸಿಂಡರಿಸಿದರು.