ಇಪ್ಪತ್ತೇಳನೇ ಇಸವಿಯ ಗ್ಯಾಲರಿ

"ಜನ ಮೇಲೆ ಹತ್ತಿ ಕುಣಿದರು, ಹಾಗೆ ಗ್ಯಾಲರಿ ಬಿತ್ತು. ಪೊಲೀಸರು ಬಂದಾಗ ಅಷ್ಟು ಹೇಳು, ಸಾಕು," ಎನ್ನುತ್ತ ಭುಜಂಗ ಎಳನೀರು ಬೊಂಡದ ಚೀಲವನ್ನು ಮಂಚದ ಪಕ್ಕ ಇಟ್ಟರು.

ಮಣಿಪಾಲದ ಆಸ್ಪತ್ರೆಯ ಹೊದಿಕೆ ಶ್ರವಣ್‌ನ ಎಡ ಮೊಣಕಾಲಿನ ತನಕ ಉಬ್ಬಿ, ಅಲ್ಲಿಂದಾಚೆ ಚಪ್ಪಟೆಯಾಗಿತ್ತು. ಎರ್ಮಾಳಿನ ಕಡಲತೀರದಲ್ಲಿ ವಾಲಿಬಾಲ್ ನೋಡಲು ಹೋಗಿದ್ದ ಅವನು. ಪಂದ್ಯಾಟ ನಡೆಸಿ, ಪೈಪಿನ ಗ್ಯಾಲರಿ ಕಟ್ಟಿಸಿದ್ದು ಈ ಚಿಕ್ಕಪ್ಪ ಭುಜಂಗರೇ.

ಅಕ್ಕ ವಿಜೇತಾ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

"ಪೈಪಿನ ಅಡಿಗೆ ಎಂತ ಇಟ್ಟಿದ್ದಿರಿ ಚಿಕ್ಕಪ್ಪ?"

"ಎಂತ ಇಡುವುದು? ಕಡಲಿನ ಹೊಯಿಗೆಯಲ್ಲಿ, ಆ ಮರಳಲ್ಲೇ ಹುಗಿದದ್ದು. ಪ್ರತಿ ವರ್ಷ ಹಾಗೆಯೇ ಅಲ್ವಾ?"

"ಪೈಪು ಜೋಡಿಸುವ ಕ್ಲಾಂಪ್?"

"ಕಡಿಮೆ ಬಿತ್ತು. ಹಗ್ಗದಲ್ಲಿ ಕಟ್ಟಿದ್ದಾರೆ. ನೀನೇ ಪೊಲೀಸಾ ಮಾರಾಯ್ತಿ?" ಅವರು ನಕ್ಕರು. "ಈ ಸಲ ಊರಿನ ದೈವಕ್ಕೆ ಹೇಳದೆ ಶುರು ಮಾಡಿದೆವು, ತಪ್ಪಾದದ್ದು ಅಲ್ಲಿ. ಮೊನ್ನೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ. ಇನ್ನು ಹೆದರಿಕೆ ಇಲ್ಲ. ಬರುವ ಆದಿತ್ಯವಾರ ಫೈನಲ್ ಮುಗಿಸಿಬಿಡುವ. ಅದೇ ಪೈಪು ಉಂಟಲ್ಲ."

ವಿಜೇತಾ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಕಲಿಸುವವಳು. ಪ್ರತಿ ವರ್ಷದ ಮೊದಲ ಪಾಠವನ್ನು ಕ್ರಿಸ್ತಶಕ ಇಪ್ಪತ್ತೇಳರಿಂದ ಶುರು ಮಾಡುತ್ತಿದ್ದಳು. ತರಗತಿಯಲ್ಲಿ ತಣ್ಣಗೆ ಹೇಳುತ್ತಿದ್ದದ್ದನ್ನು ಈಗ ಚಿಕ್ಕಪ್ಪನ ಮುಖಕ್ಕೆ ಹೇಳಿದಳು.

"ರೋಮಿನ ಹತ್ತಿರ ಫಿದೇನೆ ಅಂತ ಒಂದು ಊರು. ಅತೀಲಿಯಸ್ ಎಂಬವನು ಆಟ ತೋರಿಸಲಿಕ್ಕೆ ಮರದ ಗ್ಯಾಲರಿ ಕಟ್ಟಿಸಿದ. ಬುಡ ಗಟ್ಟಿ ಇಲ್ಲ, ಜೋಡಣೆ ಗಟ್ಟಿ ಇಲ್ಲ. ಅದು ಕುಸಿದು ಬಿದ್ದು ಸಾವಿರಾರು ಜನ ಸತ್ತರು. ಅವನನ್ನು ಗಡಿಪಾರು ಮಾಡಿದರು. ಗಟ್ಟಿ ನೆಲ ನೋಡದೆ ಯಾರೂ ಕಟ್ಟಬಾರದು ಅಂತ ಕಾನೂನು ಮಾಡಿದರು. ಎರಡು ಸಾವಿರ ವರ್ಷ ಆಯಿತು ಚಿಕ್ಕಪ್ಪ."

"ರೋಮಿನ ಕಥೆ ಎರ್ಮಾಳಿಗೆ ಎಂತಕ್ಕೆ? ನಮ್ಮಲ್ಲಿ ಯಾರೂ ಸಾಯಲಿಲ್ಲ."

"ಹೌದು. ಆ ಅತೀಲಿಯಸ್ ಪಾಪ, ತಪ್ಪುಕಾಣಿಕೆ ಹಾಕಿರಲಿಕ್ಕಿಲ್ಲ."

ಭುಜಂಗರ ಮುಖ ಬಿಗಿಯಿತು. "ನೀನು ಅಲ್ಲಿ ಇರಲೇ ಇಲ್ಲ. ಬಿದ್ದವನು ಹೇಳಲಿ. ಅವನು ನಮ್ಮ ಹುಡುಗ."

ಅಪಘಾತದ ದಿನ ಆಸ್ಪತ್ರೆಯವರು ಕತ್ತರಿಸಿ ತೆಗೆದ ಶ್ರವಣ್‌ನ ಪ್ಯಾಂಟು ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಇತ್ತು. ವಿಜೇತಾ ಚೀಲವನ್ನು ಎತ್ತಿ ಚಿಕ್ಕಪ್ಪನ ಕಾಲ ಬುಡದಲ್ಲಿ ಬೋರಲು ಹಾಕಿದಳು. ರಕ್ತ ಒಣಗಿದ ಬಟ್ಟೆಯ ಜೊತೆ ಮುಷ್ಟಿಯಷ್ಟು ಹೊಯಿಗೆ ನೆಲಕ್ಕೆ ಸುರಿಯಿತು.

ಅಷ್ಟರಲ್ಲಿ ಪೊಲೀಸಿನವನು ಒಳಗೆ ಬಂದ.

"ಬನ್ನಿ ಸಾರ್," ಭುಜಂಗ ನಕ್ಕರು. "ಹುಡುಗನಿಗೆ ಆಯಾಸ ಉಂಟು. ಜನ ಹತ್ತಿ ಕುಣಿದದ್ದು ಸಾರ್, ಬೇರೆ ಎಂತ ಇಲ್ಲ." ಹೇಳುತ್ತಲೇ ಅವರ ಬಲಗಾಲು ಹೊಯಿಗೆಯನ್ನು ಮೆಲ್ಲಗೆ ಮಂಚದಡಿಗೆ ತಳ್ಳುತ್ತಿತ್ತು.

ಶ್ರವಣ್ ಆ ಕಾಲನ್ನೇ ನೋಡುತ್ತಿದ್ದ.

"ಯಾರೂ ಕುಣಿಯಲಿಲ್ಲ ಸಾರ್," ಎಂದ. "ಬರೆದುಕೊಳ್ಳಿ."

ಭುಜಂಗರ ಕಾಲು ಅಲ್ಲೇ ನಿಂತಿತು, ಅರ್ಧ ಹೊಯಿಗೆ ಮಂಚದಡಿಯಲ್ಲಿ, ಅರ್ಧ ಹೊರಗೆ.